ಹಸಿರು ಹಾಲು, ಗುಲಾಬಿ ಎಳೆ

ಗೋಡೆಯ ಮೇಲಿನ ಗುಲಾಬಿ ಚುಕ್ಕೆಗಳು ಒಂದೊಂದಾಗಿ ಆರತೊಡಗಿದಾಗ ನೀಲಗಂಗಾ ಎಲಿಗಾರ ಕುರ್ಚಿಯಿಂದ ಎದ್ದು ನಿಂತಳು. ಎದ್ದು ನಿಂತ ಮಾತ್ರಕ್ಕೆ ಅವು ಉಳಿಯುತ್ತವೆಂದೇನೂ ಅಲ್ಲ; ಕೂತು ನೋಡುವುದು ಅವಳಿಂದಾಗಲಿಲ್ಲ, ಅಷ್ಟೆ.

ಸವಣೂರಿನ ಆ ಕೋಣೆಯನ್ನು ಎಲ್ಲರೂ ಬೇರುಕೋಣೆ ಎನ್ನುತ್ತಿದ್ದರು. ವರದಾ ನದಿಯ ಬಯಲಿನ ವೀಳ್ಯದೆಲೆಯ ತೋಟಗಳಲ್ಲೆಲ್ಲ ಬಳ್ಳಿಯ ಬುಡಕ್ಕೆ ಗಾಜಿನ ಕಡ್ಡಿಗಳನ್ನು ಹುಗಿದಿದ್ದರು. ಕೂದಲಿನಷ್ಟು ತೆಳ್ಳಗಿನ ಆ ಕಡ್ಡಿಗಳು ಮಣ್ಣಿನೊಳಗಿನ ಬೆಳಕನ್ನು ಹೊತ್ತು ತಂದು ಈ ಗೋಡೆಯ ಮೇಲೆ ಚೆಲ್ಲುತ್ತಿದ್ದವು. ಮಣ್ಣಿಗೆ ಬಿಡುವ ಜೀವಿಗಳಿಗೆಲ್ಲ ಮಿಣುಕುಹುಳದ ಗುಣವೊಂದನ್ನು ಮೊದಲೇ ಸೇರಿಸಿರುತ್ತಿದ್ದರಿಂದ ಯಾವುದು ಎಲ್ಲಿದೆ, ಬದುಕಿದೆಯೋ ಸತ್ತಿದೆಯೋ ಎಂಬುದು ಕೂತಲ್ಲೇ ತಿಳಿಯುತ್ತಿತ್ತು. ಹಸಿರು ಚುಕ್ಕೆಯೆಂದರೆ ಬ್ಯಾಕ್ಟೀರಿಯ. ಗುಲಾಬಿಯೆಂದರೆ ನೀಲಗಂಗಾ ತಾನೇ ಸಾಕಿ ಬೆಳೆಸಿದ ಬೂಷ್ಟು. ಬಳ್ಳಿಯ ಬೇರು ತಿಳಿಬಿಳುಪಾಗಿ ಕಾಣುತ್ತಿತ್ತು. ಕರಿಕೊಳೆ ರೋಗ ನುಗ್ಗಿದ ಕಡೆ ಆ ಬಿಳುಪು ಅಳಿಸಿಹೋಗಿ ಗೋಡೆ ಕಪ್ಪಾಗುತ್ತಿತ್ತು.

ಇಂದು ಗೋಡೆಯ ಮುಕ್ಕಾಲು ಭಾಗ ಕಪ್ಪಾಗಿತ್ತು.

"ಅಕ್ಕಾರ, ನನ್ನ ಹುಡುಗ್ರು ನಿಮ್ಮ ಹುಡುಗ್ರನ್ನ ಮತ್ತ ಹೊಡದ್ರು ನೋಡ್ರಿ," ಎಂದ ಹಿಂದಿನಿಂದ ಮೆಹಬೂಬ ಬಾಗವಾನ. ಅವನು ಬ್ಯಾಕ್ಟೀರಿಯ ತಜ್ಞ, ಅವಳು ಬೂಷ್ಟಿನ ತಜ್ಞೆ. ಒಂದೇ ಮೇಜಿನ ಆಚೆ ಈಚೆ ಕೂತು ವರ್ಷಗಟ್ಟಲೆ ಕೆಲಸ ಮಾಡಿದವರು. ಸಾಮಾನ್ಯವಾಗಿ ಅವನ ಮಾತಿನಲ್ಲಿ ಚೇಷ್ಟೆ ಇರುತ್ತಿತ್ತು. ಈ ಸಲ ಇರಲಿಲ್ಲ.

"ಹೊಡೀಲಿ ಬಿಡ್ರಿ. ಅವರ ಮನಿ ಅದು. ನಾವs ಹೇಳದ ಕೇಳದ ಒಳಗ ಹೋಗಾಕತ್ತೀವಿ," ಎಂದಳು ನೀಲಗಂಗಾ.

ಅದು ಅವರ ಮನೆ ಎಂಬುದು ನಿಜವೇ ಆಗಿತ್ತು. ನೀಲಗಂಗಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಈ ಬಯಲಿನ ತೋಟಗಳಿಗೆಲ್ಲ ಬೇರುಕೊಳೆ ಬಿದ್ದಿತ್ತು. ಆಗ ಬಂದದ್ದು ಹಸಿರು ಹಾಲು. ಮಣ್ಣು ರಕ್ಷಣಾ ಮಂಡಳಿಯವರು ಕ್ಯಾನುಗಳಲ್ಲಿ ತುಂಬಿ ಹಂಚಿದ ಆ ನೀರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿದ್ದವು. ಅವು ಬಳ್ಳಿಯ ಬೇರಿಗೆ ಅಂಟಿಕೊಂಡು ಒಂದು ಬಗೆಯ ವಿಷ ಸೂಸುತ್ತಿದ್ದವು. ಬಳ್ಳಿಗೆ ಆ ವಿಷ ತಾಕುತ್ತಿರಲಿಲ್ಲ, ಎಲೆ ತಿನ್ನುವವರಿಗೂ ತಾಕುತ್ತಿರಲಿಲ್ಲ. ಬೇರುಕೊಳೆ ಮಾತ್ರ ಸತ್ತುಹೋಗುತ್ತಿತ್ತು. ಒಂದು ತಲೆಮಾರು ಸುಖವಾಗಿ ಎಲೆ ಕೊಯ್ದು ತಿಂದಿತು. ಆಮೇಲೆ ಆ ವಿಷಕ್ಕೆ ಜಗ್ಗದ ಹೊಸ ಕೊಳೆಯೊಂದು ಎಲ್ಲಿಂದಲೋ ಹುಟ್ಟಿಬಂತು. ಅದೇ ಕರಿಕೊಳೆ. ಇಂದು ಹಸಿರಾಗಿದ್ದ ಬಳ್ಳಿ ವಾರದೊಳಗೆ ಬುಡ ಕಪ್ಪಾಗಿ, ಹಗ್ಗ ಹರಿದಂತೆ ಮರದಿಂದ ಕಳಚಿ ಬೀಳುತ್ತಿತ್ತು.

ಕರಿಕೊಳೆಯನ್ನು ಸುತ್ತಿಕೊಂಡು ಹಿಂಡಿ ತಿಂದುಹಾಕುವ ಒಂದೇ ಒಂದು ಜೀವಿಯನ್ನು ನೀಲಗಂಗಾ ಕಂಡುಹಿಡಿದಿದ್ದಳು. ತೋಟದ ಬದಿಯ ಕೊಳೆತ ನುಗ್ಗೆಮರದಲ್ಲಿ ಸಿಕ್ಕ ಗುಲಾಬಿ ಬಣ್ಣದ ಬೂಷ್ಟು ಅದು. ಗಾಜಿನ ತಟ್ಟೆಯಲ್ಲಿ ಅದು ಹುಲಿ. ತೋಟದ ಮಣ್ಣಿಗೆ ಬಿಟ್ಟರೆ ಹಸಿರು ಹಾಲಿನ ವಿಷಕ್ಕೆ ಸಿಕ್ಕಿ ಎರಡೇ ದಿನದಲ್ಲಿ ಸತ್ತುಹೋಗುತ್ತಿತ್ತು. ಬ್ಯಾಕ್ಟೀರಿಯವನ್ನೇ ತೆಗೆದುಹಾಕೋಣವೆಂದರೆ ಹಳೆಯ ಬೇರುಕೊಳೆ ಇನ್ನೂ ನೆಲದಲ್ಲಿ ಮಲಗಿಕೊಂಡೇ ಇತ್ತು. ಕಾವಲು ತಪ್ಪಿದ ಕ್ಷಣ ಎದ್ದುಬಿಡುತ್ತಿತ್ತು.

ಬಾಗಿಲು ತಳ್ಳಿಕೊಂಡು ಮಂಡಳಿಯ ಮುಖ್ಯಸ್ಥ ವಾಮನರಾವ್ ಕಟ್ಟಿ ಒಳಗೆ ಬಂದರು. ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಹರೆಯದಲ್ಲಿ ಹಸಿರು ಹಾಲನ್ನು ತಯಾರಿಸಿದವರು ಅವರೇ. ಗೋಡೆಯನ್ನು ನೋಡಿ ಅವರು ಯಾರ ಮುಖವನ್ನೂ ನೋಡದೆ ಹೇಳಿದರು: "ಎಲಿಗಾರ ಅವರ, ಇನ್ನ ಸಾಕು. ಹಬೆಬಂಡಿ ತರಸ್ಲಿಕ್ಕೆ ಹೇಳೇನಿ. ಮೊದಲ ಹೊಸಕಟ್ಟಿ ತೋಟ, ಆಮೇಲೆ ನಿಮ್ಮೂರು ಕಲಿಕೊಪ್ಪದ್ದು."

ಹಬೆಬಂಡಿಯೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅದು ನೆಲದೊಳಕ್ಕೆ ಕೊಳವೆ ಇಳಿಸಿ ಕುದಿಯುವ ಹಬೆ ಹಾಯಿಸುತ್ತದೆ. ಆಳುದ್ದದವರೆಗೆ ಮಣ್ಣು ಬೇಯುತ್ತದೆ. ಕರಿಕೊಳೆ ಸಾಯುತ್ತದೆ, ಜೊತೆಗೆ ಬಳ್ಳಿ, ಬಳ್ಳಿ ಹಬ್ಬಿಸಿದ ಮರ, ಎರೆಹುಳ, ಎಲ್ಲವೂ.

"ಸರ್, ಕಲಿಕೊಪ್ಪದ ಬಳ್ಳಿ ತಳೀನ ಬ್ಯಾರೆ. ಬ್ಯಾರೆ ಕಡೆ ಅದು ಬರೂದಿಲ್ಲ. ಬೇಯಿಸಿದ್ರ ಆ ಎಲೀನs ಮುಗೀತು."

"ನನಗ ಗೊತ್ತದ. ಆದ್ರ ಕೊಳೆ ಹೊಳಿ ದಾಟ್ತಂದ್ರ ಆಚೆ ಜಿಲ್ಲಾದ ತೋಟಾನೂ ಹೋಗ್ತಾವ. ನಾಲ್ಕ ಊರು ಉಳಸ್ಲಿಕ್ಕೆ ಹೋಗಿ ನಾಲ್ವತ್ತು ಊರು ಕಳೀಲೇನು?" ಕಟ್ಟಿಯವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನೀಲಗಂಗಾಳನ್ನು ಹೆಚ್ಚು ಹೆದರಿಸಿತು.

*

ಕಲಿಕೊಪ್ಪ ಅವಳ ಗಂಡನ ಊರು. ಸಂಜೆ ಮನೆಗೆ ಬಂದಾಗ ಗಂಡ ಬಸಲಿಂಗ ತೋಟದಲ್ಲೇ ಇದ್ದ. ಒಂದು ಕಾಲಕ್ಕೆ ಆ ತೋಟದೊಳಗೆ ಹೆಜ್ಜೆಯಿಟ್ಟರೆ ಹೊರಗಿನ ಬಿಸಿಲು ಮರೆತುಹೋಗುತ್ತಿತ್ತು. ಚೊಗಚೆ, ನುಗ್ಗೆ, ಹಾಲವಾಣದ ಮರಗಳಿಗೆ ಹಬ್ಬಿದ ಬಳ್ಳಿಗಳು, ನಡುವೆ ನೀರು ಹರಿಯುವ ಕಾಲುವೆ, ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಂಡು ಏಣಿಯ ಮೇಲೆ ನಿಂತು ಎಲೆ ಚಿವುಟುವ ಹೆಂಗಸರ ಹರಟೆ. ಈಗ ಅರ್ಧಕ್ಕರ್ಧ ಮರಗಳು ಬೋಳು. ಏಣಿಗಳನ್ನು ಗೋಡೆಗೆ ಒರಗಿಸಿಟ್ಟು ತಿಂಗಳಾಗಿತ್ತು. ಎಲೆ ಕೊಯ್ಯುವ ಹೆಂಗಸರು ಹಾವೇರಿಯ ಕಡೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು.

ಬಸಲಿಂಗ ಒಂದು ಬಳ್ಳಿಯ ಬುಡ ಮುಟ್ಟಿ ನೋಡುತ್ತಿದ್ದ. ಬೆರಳಿಗೆ ಕಪ್ಪು ಲೋಳೆ ಅಂಟಿತು.

"ಬಂಡಿ ಬರ್ತಾವಂತ?" ಎಂದು ಕೇಳಿದ. ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು.

"ಹೊಸಕಟ್ಟಿ ಮುಗದ ಮ್ಯಾಲೆ."

"ಬರ್ಲಿ ಬಿಡು, ನೀಲಾ. ದಿನಾ ಒಂದೊಂದು ಸಾಯೂದು ನೋಡೂದಕ್ಕಿಂತ ಒಮ್ಮೆಲೇ ಹೋಗ್ಲಿ." ಅವನು ಕೈ ತೊಳೆಯಲು ಕಾಲುವೆಗೆ ಬಗ್ಗಿದ. ಮುಖ ಕಾಣಿಸಬಾರದೆಂದೇ ಬಗ್ಗಿದನೇನೋ ಎಂದು ಅವಳಿಗೆ ಅನಿಸಿತು.

ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಚನ್ನವ್ವನಿಗೆ ಅದು ಕೇಳಿಸಿತು. "ಏನಂದ್ಯೋ? ನೆಲಾ ಕುದಿಸ್ತಾರ, ನೀ ನಿಂತ ನೋಡ್ತೀ? ನಾ ಕೊಳವೀ ಮ್ಯಾಲೆ ಕುಂದ್ರತೀನಿ, ಮೊದಲ ನನ್ನ ಕುದಸ್ಲಿ!"

"ಎವ್ವಾ, ಹಂಗೆಲ್ಲ ಮಾತಾಡಬ್ಯಾಡ."

"ಮತ್ತ ಹ್ಯಾಂಗ ಮಾತಾಡ್ಲಿ?" ಎಂದ ಚನ್ನವ್ವ ಸೊಸೆಯ ಕಡೆ ತಿರುಗಿದಳು. "ನೀಲವ್ವಾ, ನಿನ್ನ ಬೂಷ್ಟು ಏನಾತು?"

"ಸತ್ತಾವ, ಅತ್ತೀ."

ಚನ್ನವ್ವ ಎದ್ದು ಹೋಗಿ ರೊಟ್ಟಿ ತಟ್ಟಲು ಕೂತಳು. ಎಂದಿಗಿಂತ ಜೋರಾಗಿ ತಟ್ಟಿದಳು.

*

ತಿರುವು ಬಂದದ್ದು ಒಂದು ಪಂದ್ಯದಿಂದ.

ಬಾಗವಾನ ಹಿಂದೊಮ್ಮೆ ತಮಾಷೆಗೆ ಉದ್ದನೆಯ ಗಾಜಿನ ತಟ್ಟೆಯೊಂದರ ಈ ತುದಿಗೆ ತನ್ನ ಬ್ಯಾಕ್ಟೀರಿಯವನ್ನೂ ಆ ತುದಿಗೆ ಅವಳ ಬೂಷ್ಟನ್ನೂ ಇಟ್ಟಿದ್ದ. ಗೆದ್ದವರಿಗೆ ಸೋತವರು ಗಿರಮಿಟ್ಟು, ಮಿರ್ಚಿ ಕೊಡಿಸಬೇಕು. ಆಮೇಲೆ ಸಭೆ, ಓಡಾಟ, ಕಟ್ಟಿಯವರ ಕರೆಗಳ ನಡುವೆ ಇಬ್ಬರಿಗೂ ಅದು ಮರೆತುಹೋಯಿತು. ತಟ್ಟೆ ತಣ್ಣನೆಯ ಮೂಲೆಯೊಂದರಲ್ಲಿ ಬಿದ್ದಿತ್ತು. ತೊಳೆಯಲೆಂದು ಹೊರತೆಗೆದ ಬಾಗವಾನ ತೊಳೆಯದೆ ನಿಂತುಬಿಟ್ಟ.

"ಅಕ್ಕಾರ... ಲಗೂನ ಬರ್ರಿ."

ಗುಲಾಬಿ ಎಳೆಗಳು ತಟ್ಟೆಯ ಅರ್ಧ ದಾಟಿ ಹಸಿರಿನೊಳಕ್ಕೇ ಹೊಕ್ಕಿದ್ದವು. ಬ್ಯಾಕ್ಟೀರಿಯವೂ ಸತ್ತಿರಲಿಲ್ಲ. ಹಸಿರಿನ ನಡುವೆ ಗುಲಾಬಿ, ಗುಲಾಬಿಯ ನಡುವೆ ಹಸಿರು, ಎರಡೂ ಜೀವಂತ.

ನೀಲಗಂಗಾ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. "ತಣ್ಣಗಿತ್ತಲ್ಲಾ, ನಿಮ್ಮ ಹುಡುಗ್ರು ಮೈಗಳ್ಳತನಾ ಮಾಡ್ಯಾರ. ವಿಷಾ ಒಮ್ಮೆಲೇ ಬಂದಿಲ್ಲ, ಹನಿ ಹನಿ ಬಂದೈತಿ. ನನ್ನ ಎಳೆಗೆ ಸುಳಿವು ಸಿಕ್ಕೈತಿ."

"ಸುಳಿವು ಸಿಕ್ರ ಏನ್ ಮಾಡ್ತದ್ರಿ? ಓಡಿ ಹೋಗಾಕ ಕಾಲಿಲ್ಲ."

ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಅವರು ಊಟ ನಿದ್ದೆ ಮರೆತು ದುಡಿದರು. ಉತ್ತರ ಸಿಕ್ಕಿದ್ದು ಎಳೆಯ ಹೊರಪೊರೆಯಲ್ಲಿ. ಅಲ್ಲಿ ಪ್ರೋಟೀನಿನಿಂದಾದ ಕೋಟ್ಯಂತರ ಪುಟ್ಟ ಪಂಪುಗಳು ಎದ್ದಿದ್ದವು. ಒಳಗೆ ನುಸುಳಿದ ವಿಷವನ್ನು ಅವು ಹಿಡಿಹಿಡಿದು ಹೊರಕ್ಕೆ ಎತ್ತಿಹಾಕುತ್ತಿದ್ದವು. ಸಾಮಾನ್ಯವಾಗಿ ಬೂಷ್ಟಿನಲ್ಲಿ ಈ ಪಂಪುಗಳು ಬೆರಳೆಣಿಕೆಯಷ್ಟೇ ಇರುತ್ತವೆ. ವಿಷದ ರುಚಿ ಒಂದಿಷ್ಟು ಹತ್ತಿದರೆ ಹೆಚ್ಚು ಕಟ್ಟಿಕೊಳ್ಳುತ್ತದೆ. ಒಮ್ಮೆಲೇ ಬಂದು ಹೊಡೆದರೆ ಕಟ್ಟಿಕೊಳ್ಳಲು ಪುರಸತ್ತೇ ಸಿಗದೆ ಸಾಯುತ್ತದೆ. ಪಂಪು ಕಟ್ಟುವ ವಂಶವಾಹಿಯನ್ನು ನೀಲಗಂಗಾ ತೆಗೆದುಹಾಕಿ ನೋಡಿದಳು: ಎಳೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ರೂಢಿಯಾದ ಎಳೆಯನ್ನು ತಂದು ನೇರ ವಿಷದಲ್ಲಿ ಅದ್ದಿದಳು: ತಲೆ ಕೊಡವಿಕೊಂಡು ಬೆಳೆಯಿತು.

"ಅಂದ್ರ ನಾವು ಇಷ್ಟ ದಿನಾ ಕೂಸನ್ನ ಹೊಳಿಗೆ ಒಗದು ಈಜು ಅಂತಿದ್ವಿ," ಎಂದ ಬಾಗವಾನ.

"ಹೂಂ. ಇನ್ನ ಮ್ಯಾಲೆ ಈಜು ಕಲಿಸಿ ಒಗಿಯೋಣು."

ಅವರು ಜೋಳ ಬೇಯಿಸಿ, ಅದಕ್ಕೆ ಹಸಿರು ಹಾಲಿನ ವಿಷವನ್ನು ಲವಲೇಶ ಬೆರೆಸಿ, ಅದರ ಮೇಲೆ ಗುಲಾಬಿ ಬೂಷ್ಟನ್ನು ಬೆಳೆಸಿದರು. ದಿನದಿಂದ ದಿನಕ್ಕೆ ವಿಷ ತುಸು ಏರಿಸುತ್ತ ಹೋದರು. ಪಂಪು ಓಡುವಾಗಲೆಲ್ಲ ಹೊಳೆಯುವಂತೆ ನೀಲಗಂಗಾ ಎಳೆಯನ್ನು ಮಾರ್ಪಡಿಸಿದ್ದರಿಂದ ಕತ್ತಲು ಮಾಡಿದ ಪೆಟ್ಟಿಗೆಯಲ್ಲಿ ಜೋಳದ ಕಾಳುಗಳು ಕೆಂಡದಂತೆ ಕಾಣುತ್ತಿದ್ದವು. ಪಂದ್ಯದಲ್ಲಿ ಸೋತೆನೋ ಗೆದ್ದೆನೋ ತಿಳಿಯದ ಬಾಗವಾನ ತಾನೇ ಹೋಗಿ ಗಿರಮಿಟ್ಟು, ಮಿರ್ಚಿ ಎರಡನ್ನೂ ಕಟ್ಟಿಸಿಕೊಂಡು ಬಂದ.

ಆ ಕಾಳನ್ನು ಬಸಲಿಂಗನ ತೋಟದ ಒಂದು ಸಾಲಿಗೆ ಹಾಕಿದರು. ಬೇರುಕೋಣೆಯ ಗೋಡೆಯ ಮೇಲೆ ಮೊದಲ ಬಾರಿಗೆ ಹಸಿರಿನ ನಡುವೆ ಗುಲಾಬಿ ಬೆಳಕು ನಿಂತಿತು. ಎರಡನೆಯ ದಿನ ದಾಟಿತು. ಮೂರನೆಯದೂ ದಾಟಿತು. ಎಳೆಗಳು ಕರಿಕೊಳೆಯ ಅಂಚಿಗೆ ಹೋಗಿ ಮುಟ್ಟಿದವು. ಬಾಗವಾನ ಗೋಡೆಗೆ ಮುತ್ತಿಕ್ಕುವುದೊಂದು ಬಾಕಿ.

ವಾರ ತುಂಬುವಷ್ಟರಲ್ಲಿ ಬೆಳಕು ಸೊರಗಿತು. ಒಮ್ಮೆಲೇ ಆರಲಿಲ್ಲ, ಎಣ್ಣೆ ತೀರಿದ ದೀಪದಂತೆ ಸಣ್ಣಗಾಗುತ್ತ ಆಗುತ್ತ ಹೋಯಿತು. ವಿಷ ಒಳಗೆ ಹೊಕ್ಕಿರಲಿಲ್ಲ, ಪಂಪುಗಳಿದ್ದವು, ಆದರೂ ಎಳೆಗಳು ಸಾಯುತ್ತಿದ್ದವು. ಯಾಕೆಂದು ಇಬ್ಬರಿಗೂ ಹೊಳೆಯಲಿಲ್ಲ.

*

ಅಷ್ಟರಲ್ಲಿ ಹೊಸಕಟ್ಟಿಗೆ ಹಬೆಬಂಡಿಗಳು ಬಂದವು.

ಕಲಿಕೊಪ್ಪದವರೆಲ್ಲ ದಿಬ್ಬದ ಮೇಲೆ ನಿಂತು ನೋಡಿದರು. ಹಳದಿ ಬಣ್ಣದ ದೊಡ್ಡ ದೊಡ್ಡ ಯಂತ್ರಗಳು ತೋಟದ ಸಾಲಿನಲ್ಲಿ ಹೊಕ್ಕು ಕೊಳವೆ ಇಳಿಸುತ್ತಿದ್ದಂತೆ ಬಿಳಿ ಹಬೆ ಮರಗಳ ತಲೆಯವರೆಗೆ ಏರುತ್ತಿತ್ತು. ಬೆಂದ ಮಣ್ಣಿನ ವಾಸನೆ ಗಾಳಿಯಲ್ಲಿ ತೇಲಿ ಬಂತು. ಗೆಣಸು ಬೇಯಿಸಿದಂಥ ಸಿಹಿ ವಾಸನೆ. ಹೊಸಕಟ್ಟಿಯ ಹೆಂಗಸರು ದಾರಿಯ ಬದಿಯಲ್ಲಿ ಸಾಲಾಗಿ ಕೂತಿದ್ದರು. ಅಳುವವರು ಯಾರೂ ಇರಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಕೂರುವುದು ಅವರಿಗೆ ರೂಢಿಯಿರಲಿಲ್ಲ. ಒಬ್ಬಳು ಸುಮ್ಮನೆ ಹುಲ್ಲುಕಡ್ಡಿ ಮುರಿಯುತ್ತಿದ್ದಳು.

ನೀಲಗಂಗಾ ಮನೆಗೆ ಬಂದು ಪಡಸಾಲೆಯಲ್ಲಿ ಕೂತಳು. ಚನ್ನವ್ವ ಪಕ್ಕದಲ್ಲಿ ಬಂದು ಕೂತು, "ಆ ಪಂಪಿನ ಕತಿ ನನಗ ತಿಳಿಯುವಂಗ ಹೇಳು. ಅದು ಯಾಕ ಉಳೀಲಿಲ್ಲಂತ ಊರ ಮಂದೀಗೆ ಏನರ ಹೇಳಬೇಕು," ಎಂದಳು.

"ಅತ್ತೀ, ನಮ್ಮ ತೋಟದಾಗ ಮಳೀನೀರು ನಿಂತ್ರ ಏನ್ ಮಾಡ್ತೀವಿ? ಪಂಪ್ ಹಚ್ಚಿ ಹೊರಗ ಹಾಕ್ತೀವಿ. ಹಂಗs ಈ ಎಳೀನೂ ವಿಷಾ ಒಳಗ ಬಂದಂಗೆಲ್ಲ ಹೊರಗ ಹಾಕ್ತೈತಿ. ನಾವು ಪಂಪ್ ಹ್ಯಾಂಗ ಹಚ್ಚೂದು ಅಂತ ಅದಕ್ಕ ಕಲಿಸಿದ್ವಿ. ಹಗಲೂ ರಾತ್ರಿ ಓಡಸ್ತು, ಅಟ್ಟೂ ವಿಷಾ ಹೊರಗ ಹಾಕ್ತು, ಒಂದ ಹನಿ ಒಳಗ ಬಿಡಲಿಲ್ಲ. ಖರೇ, ಹಗಲೂ ರಾತ್ರಿ ಓಡ್ಸಿದ್ರ..."

ಅವಳು ಮಾತು ಅರ್ಧಕ್ಕೇ ನಿಲ್ಲಿಸಿದಳು.

"ಯಾಕ? ಏನಾತವ್ವಾ?"

"ಹಗಲೂ ರಾತ್ರಿ ಓಡ್ಸಿದ್ರ ಕರೆಂಟ್ ಎಲ್ಲಿಂದ ಬರಬೇಕು, ಅತ್ತೀ?"

ಅವಳು ಎದ್ದು ಹೊರಗೋಡಿ ಬಾಗವಾನನಿಗೆ ಫೋನು ಹಚ್ಚಿದಳು. "ಬಾಗವಾನ, ಆ ಸಾಲಿನ ಮಣ್ಣಿನ ಉಸಿರಾಟದ ಲೆಕ್ಕ ತಗೀರಿ. ಎಳೆ ಎಷ್ಟು ಉಸಿರಾಡ್ಯಾವ ನೋಡ್ರಿ."

ಆಚೆಯಿಂದ ಕೀಲಿಮಣೆ ಕುಟ್ಟುವ ಸದ್ದು ಬಂತು. ಆಮೇಲೆ ಬಾಗವಾನನ ಕೂಗು ಕೇಳಿತು. "ಯಾ ಅಲ್ಲಾ! ಓಟಾ ಓಡಿದವರಂಗ ಏದುಸಿರು ಬಿಟ್ಟಾವ ಅಕ್ಕಾರ! ಉಪವಾಸ ಸತ್ತಾವ!"

ಒಂದೊಂದು ಪಂಪೂ ಒಂದೊಂದು ತೊಟ್ಟು ಶಕ್ತಿ ಬೇಡುತ್ತಿತ್ತು. ಎಳೆಗಳು ಜೋಳದ ಕಾಳನ್ನು ತಿಂದು ಮುಗಿಸಿ, ಮಣ್ಣಿನಲ್ಲಿ ಬೇರೇನೂ ಸಿಗದೆ, ತಮ್ಮ ಮೈಯನ್ನೇ ಕರಗಿಸಿ ಪಂಪು ಓಡಿಸಿದ್ದವು. ಕರಿಕೊಳೆಯನ್ನು ಮುಟ್ಟಿದಾಗ ಅದನ್ನು ಹಿಂಡುವ ಬಲ ಉಳಿದಿರಲಿಲ್ಲ. ಕರಿಕೊಳೆಯೇ ಅವುಗಳ ಊಟ; ಅದು ಸಿಕ್ಕುವವರೆಗಿನ ದಾರಿಯ ಬುತ್ತಿ ಅವಕ್ಕೆ ಸಾಲದೆ ಹೋಗಿತ್ತು.

*

"ಶೇಂಗಾ ಹಿಂಡಿ," ಎಂದಳು ನೀಲಗಂಗಾ ಕಟ್ಟಿಯವರ ಎದುರು ನಿಂತು. "ನಿಧಾನಕ್ಕ ಕರಗ್ತೈತಿ, ಸತ್ವ ಐತಿ. ನಿಮ್ಮ ಬ್ಯಾಕ್ಟೀರಿಯಾ ಅದನ್ನ ಲಗೂನ ಮುಟ್ಟೂದಿಲ್ಲ, ನನ್ನ ಬೂಷ್ಟು ಮುಟ್ಟತೈತಿ. ಸರ್, ಕಲಿಕೊಪ್ಪಕ್ಕ ಬಂಡಿ ತರೂದು ಸ್ವಲ್ಪ ತಡೀರಿ."

ಕಟ್ಟಿಯವರು ಕನ್ನಡಕ ತೆಗೆದು ಒರೆಸಿದರು. "ಎಲಿಗಾರ ಅವರ, ಹಸಿರು ಹಾಲು ತಂದಾಗ ನಾನೂ ಹಿಂಗs ನಿಂತಿದ್ದೆ. ಇದs ಕಡೀ ಉಪಾಯ ಅಂತ ಹೇಳಿದ್ದೆ. ಮಂದಿ ನಂಬಿದ್ರು. ನಂಬಿದ್ದಕ್ಕ ಇವತ್ತು ಅವರ ನೆಲಾ ಬೇಯಿಸ್ಲಿಕ್ಕೆ ಹತ್ತೀನಿ. ನಿಮ್ಮನ್ನ ನಾನು ಹ್ಯಾಂಗ ನಂಬಲಿ?"

"ನಂಬಬ್ಯಾಡ್ರಿ. ಗ್ವಾಡಿ ನೋಡ್ರಿ. ಹೊಸಕಟ್ಟಿ ಬಂಡಿ ಕೆಲಸ ಮುಗಿಯೂತನಕ ಬೇರುಕೋಣ್ಯಾಗ ನಮ್ಮ ಸಂಗ್ತಿ ಕುಂದರ್ರಿ. ಬೆಳಕು ಆರಿದ್ರ ಬಂಡಿ ನಾನs ದಾರಿ ತೋರಿಸಿ ಊರಿಗೆ ಕರಕೊಂಡು ಹೋಗ್ತೀನಿ."

ಕಟ್ಟಿಯವರು ಕನ್ನಡಕ ಮತ್ತೆ ಹಾಕಿಕೊಂಡರು. "ಹೊಸಕಟ್ಟಿ ಮುಗಿಯೋತನಕ," ಎಂದರು. "ಆಮೇಲೆ ಒಂದ ದಿನಾನೂ ಇಲ್ಲ."

ಆ ಮಾತು ಸಾಕಾಯಿತು. ಬಸಲಿಂಗ ಮೊದಲು ನಂಬಲಿಲ್ಲ. ನಂಬಿದ ಮೇಲೆ ನಿಲ್ಲಲಿಲ್ಲ. ಗಾಣದಿಂದ ಟ್ರ್ಯಾಕ್ಟರಿನಲ್ಲಿ ಹಿಂಡಿ ಹೇರಿಸಿಕೊಂಡು ಬಂದ. ಕಲಿಕೊಪ್ಪದ ಪ್ರತಿ ಅಂಗಳದಲ್ಲೂ ಒರಳಿನ ಸದ್ದು ಎದ್ದಿತು. ಹಾವೇರಿಗೆ ಹೋಗಿದ್ದ ಎಲೆ ಕೊಯ್ಯುವ ಹೆಂಗಸರು ಸುದ್ದಿ ಕೇಳಿ ಬಸ್ಸು ಹತ್ತಿ ಬಂದರು. ಹಿಂಡಿಯನ್ನು ಕುಟ್ಟಿ, ಜರಡಿ ಹಿಡಿದು, ರೂಢಿಯಾದ ಜೋಳದ ಕಾಳಿನ ಜೊತೆ ಕಲಸಿ ಉಂಡೆ ಕಟ್ಟುವುದು ಅವರ ಕೆಲಸ. ಬಾಗವಾನ ಮನೆಯಿಂದ ಮನೆಗೆ ಓಡಾಡುತ್ತ, "ಬಿಗಿ ಕಟ್ಟಬ್ಯಾಡ್ರಿ ಚಿಗವ್ವಾರ, ಒಳಗ ಜೀವ ಐತಿ, ಅದಕ್ಕ ಗಾಳಿ ಬೇಕು," ಎಂದು ಗೋಗರೆಯುತ್ತಿದ್ದ.

"ನಮಗ ಕಲಿಸ್ತಾನ ನೋಡ," ಎಂದು ಚನ್ನವ್ವ ನಕ್ಕಳು. "ಲಾಡು ಕಟ್ಟೂದು ನಮಗ ಗೊತ್ತಿಲ್ಲೇನೋ, ತಮ್ಮಾ?" ನಗು ಕೇಳಿ ನೀಲಗಂಗಾಳಿಗೆ ಆಶ್ಚರ್ಯವಾಯಿತು. ಆ ಅಂಗಳದಲ್ಲಿ ಯಾರಾದರೂ ನಕ್ಕು ಎಷ್ಟು ದಿನವಾಗಿತ್ತೋ.

ಗಂಡಸರು ಬಳ್ಳಿಯ ಬುಡ ಕೆದರಿ ಉಂಡೆ ಇಟ್ಟು ಮಣ್ಣು ಮುಚ್ಚಿದರು. ಒಂದು ಸಾಲಲ್ಲ, ಇಡೀ ಊರಿನ ತೋಟ. ಹೊಸಕಟ್ಟಿಯ ಹಬೆ ದಿಬ್ಬದಾಚೆ ದಿನದಿನಕ್ಕೆ ಹತ್ತಿರವಾಗುತ್ತಿತ್ತು. ಕೆಲಸ ಮಾಡುತ್ತಿದ್ದವರು ಆ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು.

*

ಬೇರುಕೋಣೆಯಲ್ಲಿ ಮೂವರು ಕೂತರು. ಬಾಗವಾನ ಸುಮ್ಮನಿರಲಾರದೆ ಉಗುರು ಕಚ್ಚಿದ. ಗೋಡೆಯ ಮೇಲೆ ಹಸಿರಿನ ನಡುವೆ ಗುಲಾಬಿ ಚುಕ್ಕೆಗಳು ಮೂಡಿದವು, ಹರಡಿದವು, ಎಳೆಗಳಾದವು. ಹಿಂದಿನ ಸಲ ಬೆಳಕು ಸೊರಗತೊಡಗಿದ್ದ ದಿನ ಬಂತು. ನೀಲಗಂಗಾ ಕಣ್ಣು ಮುಚ್ಚಿಕೊಂಡಳು.

"ಕಣ್ ತಗೀರಿ," ಎಂದರು ಕಟ್ಟಿಯವರು ಮೆಲ್ಲಗೆ.

ಬೆಳಕು ಸೊರಗಿರಲಿಲ್ಲ. ಹೆಚ್ಚಾಗಿತ್ತು. ತೋಟದ ಉದ್ದಕ್ಕೂ, ಬಳ್ಳಿ ಬಳ್ಳಿಯ ಬುಡದಲ್ಲಿ ಗುಲಾಬಿ ಎಳೆಗಳು ಕರಿಕೊಳೆಯನ್ನು ಸುತ್ತು ಹಾಕಿಕೊಂಡಿದ್ದವು. ಒಂದೆಡೆ ಕಪ್ಪು ಹಿಂದೆ ಸರಿಯಿತು. ಕೆಳಗೆ ಮತ್ತೊಂದೆಡೆ ಸರಿಯಿತು. ಅಳಿಸಿಹೋಗಿದ್ದ ಬೇರಿನ ಬಿಳುಪು ನೂಲಿನೆಳೆಯಷ್ಟು ತೆಳ್ಳಗೆ ಮತ್ತೆ ಮೂಡಿತು: ಹೊಸ ಬೇರು.

ಆಗ ಬಾಗವಾನ ಬೆರಳು ತೋರಿದ. "ಅಲ್ಲಿ ನೋಡ್ರಿ! ನಮ್ಮ ಹಸಿರು ಚುಕ್ಕಿ, ಅದರ ವಿಷಾ ಇಲ್ಲದ ಕಡೇನೂ ಪಂಪ್ ಉರಿಯಾಕತ್ತಾವ! ಯಾಕ?"

ನೀಲಗಂಗಾ ಮುಂದೆ ಬಾಗಿ ನೋಡಿದಳು: ಕಪ್ಪು ಸಾಯುತ್ತಿದ್ದ ಅಂಚಿನಲ್ಲೇ ಎಳೆಗಳು ಕೆಂಡದಂತೆ ಹೊಳೆಯುತ್ತಿದ್ದವು. ಕರಿಕೊಳೆಗೂ ತನ್ನದೇ ಒಂದು ವಿಷವಿತ್ತು. ಸಾಯುವಾಗ ಅದನ್ನು ಕಕ್ಕುತ್ತಿತ್ತು. ಹಸಿರು ಹಾಲಿಗಾಗಿ ಕಟ್ಟಿಕೊಂಡ ಅದೇ ಪಂಪುಗಳು ಆ ವಿಷವನ್ನೂ ಎತ್ತಿ ಹೊರಗೆ ಹಾಕುತ್ತಿದ್ದವು. ಅವಳು ಅದನ್ನು ಎಣಿಸಿರಲಿಲ್ಲ. ಬೇಡಿರಲೂ ಇಲ್ಲ. ಬ್ಯಾಕ್ಟೀರಿಯದ ಜೊತೆ ಬಾಳಲು ಕಲಿತ ಎಳೆಗೆ ಶತ್ರುವಿನ ಆಯುಧವೂ ನಾಟದೆ ಹೋಗಿತ್ತು.

"ನಿಮ್ಮ ಹುಡುಗ್ರs ನನ್ನ ಹುಡುಗ್ರನ್ನ ತಯಾರು ಮಾಡ್ಯಾರ, ಬಾಗವಾನ," ಎಂದಳು. ಬಾಗವಾನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಕಟ್ಟಿಯವರು ಎದ್ದು ಗೋಡೆಯ ಹತ್ತಿರ ಹೋಗಿ, ಗುಲಾಬಿಯೊಳಗೆ ಬೆರೆತು ಉರಿಯುತ್ತಿದ್ದ ಹಸಿರು ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು. ಅವರು ಹರೆಯದಲ್ಲಿ ಸೃಷ್ಟಿಸಿದ ಜೀವಿಗಳವು. ಸತ್ತಿರಲಿಲ್ಲ, ಸೋತಿರಲೂ ಇಲ್ಲ. ಹಳೆಯ ಬೇರುಕೊಳೆಯನ್ನು ಕಾಯುತ್ತ ತಮ್ಮ ಜಾಗದಲ್ಲಿದ್ದವು. ಅವರು ಫೋನು ತೆಗೆದು ಹೊಸಕಟ್ಟಿಯ ಯಂತ್ರದವರಿಗೆ ಹೇಳಿದರು: "ಬಂಡಿ ಅಲ್ಲೇ ನಿಲ್ಲಸ್ರಿ. ಹೂಂ, ಈಗs. ಎಷ್ಟ ಉಳದದೋ ಅಷ್ಟಾದ್ರೂ ಉಳೀಲಿ."

ಫೋನು ಇಟ್ಟು ನೀಲಗಂಗಾಳ ಕಡೆ ತಿರುಗಿದರು. "ಒಂದ ತಿಂಗಳ ಮೊದಲ ನಿಮ್ಮ ಮಾತು ಕೇಳಿದ್ರ ಹೊಸಕಟ್ಟಿನೂ ಉಳೀತಿತ್ತು," ಎಂದರು.

"ಒಂದ ತಿಂಗಳ ಮೊದಲ ನನಗೂ ಗೊತ್ತಿರಲಿಲ್ಲ, ಸರ್."

*

ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಕಲಿಕೊಪ್ಪದಲ್ಲಿ ಏಣಿಗಳು ಗೋಡೆಯಿಂದ ಇಳಿದವು. ಮೊದಲ ಕೊಯ್ಲಿನ ದಿನ ಬಸಲಿಂಗ ಒಂದು ಎಲೆ ಚಿವುಟಿ ಹೆಂಡತಿಯ ಅಂಗೈ ಮೇಲಿಟ್ಟ. ಎಳೆಯ, ತಿಳಿಹಸಿರು, ನರ ಕಂಡೂ ಕಾಣದಂಥ ಎಲೆ. ಅವನಿಗೆ ಏನೋ ಹೇಳುವುದಿತ್ತು, ಹೇಳಲಾಗದೆ, "ಸುಣ್ಣ ಹಚ್ಚಿಕೊಡ್ಲೇನು?" ಎಂದ. ಅವಳು ನಕ್ಕು ಹಾಗೇ ಬಾಯಿಗೆ ಹಾಕಿಕೊಂಡಳು. ತಾಜಾ ಎಲೆಯ ಖಾರ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ನೀರಿಗೆ ಒಳ್ಳೆಯ ನೆಪವಾಯಿತು.

ಅದೇ ವಾರ ಹೊಸಕಟ್ಟಿಯ ಹೆಂಗಸರು ಬಂದರು. ಟ್ರ್ಯಾಕ್ಟರಿನ ತುಂಬ ಕೂತು ಬಂದು ಊರ ಬಾಗಿಲಲ್ಲೇ ಇಳಿದು ನಿಂತರು. ಒಳಗೆ ಬರಲು ಸಂಕೋಚ. ಅವರ ನೆಲದ ಮುಕ್ಕಾಲು ಭಾಗ ಬೆಂದಿತ್ತು. ಅದರಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಗಂಗವ್ವ ಎಂಬ ಹಿರಿಯಳು ಮುಂದೆ ಬಂದು ನೀಲಗಂಗಾಳನ್ನು ಕೇಳಿದಳು: "ಬಾಯಾರ, ನಮ್ಮ ಮಣ್ಣು ಸತ್ತೈತಿ. ಅದಕ್ಕೇನರ ಐತೇನ್ರಿ?"

ನೀಲಗಂಗಾ ಬೇರುಕೋಣೆಯಲ್ಲಿ ಇದೇ ಪ್ರಶ್ನೆಯ ಮೇಲೆ ಕೂತಿದ್ದಳು. ಸತ್ತ ಮಣ್ಣಿಗೆ ಒಂದು ಜೀವಿ ಬಿಟ್ಟರೆ ಸಾಲದು; ಜಗಳವಾಡಿ, ಹೊಂದಿಕೊಂಡು, ಒಂದನ್ನೊಂದು ಪಳಗಿಸಿದ ಇಡೀ ಸಂಸಾರವೇ ಬೇಕು. ಅದು ಗಾಜಿನ ತಟ್ಟೆಯಲ್ಲಿ ತಯಾರಾಗುವಂಥದ್ದಲ್ಲ. ಕಲಿಕೊಪ್ಪದ ತೋಟದ ಮಣ್ಣಿನಲ್ಲಿ ಮಾತ್ರ ಅದು ಇತ್ತು. ಹಾಗೆಂದು ಹೇಳಿದಳು. ಹೇಳಿ, ಊರವರ ಮುಖ ನೋಡಿದಳು. ತಮ್ಮ ತೋಟ ಈಗಷ್ಟೇ ಉಸಿರಾಡಿದೆ. ಬುಡದ ಮಣ್ಣು ಬಗೆದು ಬೇರೆಯವರಿಗೆ ಕೊಡೆಂದರೆ ಯಾರು ಕೊಟ್ಟಾರು?

ಚನ್ನವ್ವ ಯಾರನ್ನೂ ಕೇಳಲಿಲ್ಲ. ಬುಟ್ಟಿ ಹಿಡಿದು ತೋಟಕ್ಕೆ ಹೋದಳು. ಎಲ್ಲಕ್ಕಿಂತ ಹುಲುಸಾಗಿ ಚಿಗುರಿದ್ದ ಬಳ್ಳಿಯ ಬುಡ ಕೆದರಿ, ಗುಲಾಬಿ ಎಳೆ ಹಬ್ಬಿದ ಕರಿಮಣ್ಣು ತುಂಬಿಕೊಂಡು ಬಂದಳು. ಗಂಗವ್ವನನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, "ಸೆರಗು ಒಡ್ಡವ್ವಾ," ಎಂದಳು.

ಗಂಗವ್ವ ಸೆರಗು ಒಡ್ಡಿದಳು. ತವರಿಂದ ಗಂಡನ ಮನೆಗೆ ಹೊರಟ ಮಗಳಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬುವ ಹಾಗೆ ಚನ್ನವ್ವ ಆ ಮಣ್ಣನ್ನು ಎರಡೂ ಕೈಯಿಂದ ತೆಗೆತೆಗೆದು ಅವಳ ಉಡಿಗೆ ಹಾಕಿದಳು. ಅಷ್ಟಾಗುವುದೇ ತಡ, ಕಲಿಕೊಪ್ಪದ ಹೆಂಗಸರೆಲ್ಲ ತಂತಮ್ಮ ತೋಟಕ್ಕೆ ಓಡಿದರು. ಹೊಸಕಟ್ಟಿಯ ಒಬ್ಬೊಬ್ಬಳನ್ನೂ ಒಂದೊಂದು ಮನೆಯವರು ಕೈ ಹಿಡಿದು ಒಳಗೆ ಕರೆದೊಯ್ದರು. ಬಾಗವಾನ ಅಂಗಳದಲ್ಲಿ ನಿಂತು, "ಬಿಸಲಿಗೆ ಒಣಗಸಬ್ಯಾಡ್ರಿ! ಒದ್ದಿ ಅರಿವಿ ಮುಚ್ಚರಿ!" ಎಂದು ಕೂಗುತ್ತಲೇ ಇದ್ದ. ಅವನ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ. ಒಳಗಿನಿಂದ ಸೋಬಾನೆಯ ಹಾಡು ಎದ್ದಿತ್ತು.

ಟ್ರ್ಯಾಕ್ಟರು ಹೊರಟಿತು. ಮಣ್ಣಿನ ಉಡಿಯನ್ನು ತೊಡೆಯ ಮೇಲೆ ಹಿಡಿದು ಕೂತ ಹೊಸಕಟ್ಟಿಯ ಹೆಂಗಸರು ದಿಬ್ಬ ಏರುವಾಗ ಟ್ರ್ಯಾಕ್ಟರು ಓಡಿಸುವವನಿಗೆ ಒಂದೇ ದನಿಯಲ್ಲಿ ಕೂಗಿದರು:

"ಮೆಲ್ಲಕ ಹೊಡಿಯಪಾ, ಮೆಲ್ಲಕ!"